ಕಂಬಳಿ ಇಳಿಸುವ ಹೊತ್ತು: ಮಾಗಿಯ ಕೊನೆಯಲ್ಲಿ ಮೈಸೂರು–ಮಂಡ್ಯ ಸೀಮೆಯ ಆರು ದಿನ

ಫೆಬ್ರವರಿಯ ಎರಡನೆಯ ವಾರದಲ್ಲಿ ನನ್ನ ಸೋದರಮಾವ ಪಾಂಡವಪುರದ ಕಡೆಯ ತಮ್ಮ ಹಳ್ಳಿಯಿಂದ ಕಣ್ಣು ತೋರಿಸಿಕೊಳ್ಳಲೆಂದು ಮೈಸೂರಿಗೆ ಬಂದಿದ್ದರು. ಹೆಗಲ ಮೇಲೆ ಎಂದಿನಂತೆ ಕರಿ ಕಂಬಳಿ ಇತ್ತು. ಆ ವರ್ಷ ಮೊದಲ ಬಾರಿಗೆ ನಾನು ಮಲಗುವ ಕೋಣೆಯ ಫ್ಯಾನ್ ಹಾಕಿದ್ದು ಅಂದಿನ ರಾತ್ರಿಯೇ. ನಡುಮನೆಯಲ್ಲಿ ಮಾವ ತಲೆಯವರೆಗೂ ಕಂಬಳಿ ಎಳೆದುಕೊಂಡು ಮಲಗಿದ್ದರು. ಬೆಳಿಗ್ಗೆ ಕಾಫಿಯ ಹೊತ್ತಿಗೆ, ಚಳಿಗಾಲ ಮುಗಿಯಿತಲ್ಲ ಎಂದು ನಾನು ಹೇಳಿದ್ದೇ ತಡ, “ನಿಮ್ಮ ಮೈಸೂರಲ್ಲಿ ಮುಗಿದಿರಬೋದು ಕಣಪ್ಪ, ನಮ್ಮ ಗದ್ದೆ ಬಯಲಲ್ಲಿ ಮಾಗಿ ಇನ್ನೂ ಕಾಲು ಚಾಚ್ಕೊಂಡು ಮಲಗದೆ” ಎಂದರು. ಮೈಸೂರಿನಿಂದ ಅವರ ಊರಿಗೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಅಷ್ಟರೊಳಗೆ ಋತುವೇ ಬೇರೆಯಾಗಲು ಸಾಧ್ಯವೇ ಎಂದು ನಾನು ಕೇಳಿದೆ. ಬಂದು ನೋಡು ಎಂದರು.

ಅವರ ಹೊಸ ಕನ್ನಡಕ ಸಿದ್ಧವಾಗಲು ಆರು ದಿನ ಬೇಕಿತ್ತು, ನನಗೆ ರಜೆ ಉಳಿದಿತ್ತು. ಮಗಳ ಶಾಲೆಯ ಪ್ರಾಜೆಕ್ಟಿಗೆಂದು ತಂದಿದ್ದ ಸಣ್ಣ ಉಷ್ಣಮಾಪಕವೊಂದನ್ನು ಜೇಬಿಗೆ ಹಾಕಿಕೊಂಡು ಇಬ್ಬರೂ ಕಾರಿನಲ್ಲಿ ಹೊರಟೆವು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜನವರಿ ಮತ್ತು ಫೆಬ್ರವರಿ ಚಳಿಗಾಲ, ಮಾರ್ಚ್ 1ರಿಂದ ಬೇಸಿಗೆ. ಮಾವನ ಲೆಕ್ಕದಲ್ಲಿ ಚಳಿ ಶಿವರಾತ್ರಿಯ ದಿನ “ಶಿವ ಶಿವಾ” ಎಂದು ಹೋಗಬೇಕು. ನಾನು ಮೂರನೆಯದೊಂದು ಅಳತೆಯನ್ನು, ಅವರಿಗೆ ತಿಳಿಸದೆ, ಇಟ್ಟುಕೊಂಡೆ: ಪ್ರತಿದಿನ ಬೆಳಿಗ್ಗೆ ಮಾವ ಹೆಗಲಿನಿಂದ ಕಂಬಳಿ ಇಳಿಸುವ ಹೊತ್ತನ್ನು ಬರೆದಿಡುವುದು.

ಮೊದಲ ದಿನ: ಚಾಮುಂಡಿ ಬೆಟ್ಟ

ಬೆಳಿಗ್ಗೆ ಐದೂವರೆಗೆ ಬೆಟ್ಟದ ಪಾದದಲ್ಲಿ, ಮೆಟ್ಟಿಲುಗಳು ಆರಂಭವಾಗುವ ಕಡೆ ಕಾರು ನಿಲ್ಲಿಸಿ ಉಷ್ಣಮಾಪಕವನ್ನು ಹೊರಗೆ ಹಿಡಿದಾಗ ಅದು 16 ಡಿಗ್ರಿ ತೋರಿಸಿತು. ಮಫ್ಲರ್ ಸುತ್ತಿಕೊಂಡ ಹಿರಿಯರು, ಬರಿಯ ಬನಿಯನ್ನಿನಲ್ಲಿ ಓಡುವ ಹುಡುಗರು, ಒಂದೊಂದು ಮೆಟ್ಟಿಲಿಗೂ ಕುಂಕುಮ ಹಚ್ಚುತ್ತಾ ಏರುವ ಹೆಂಗಸರು ಒಂದೇ ಸಾಲಿನಲ್ಲಿ ಸಾಗುತ್ತಿದ್ದುದನ್ನು ಕಂಡಾಗ, ಒಂದೇ ಗಾಳಿಯಲ್ಲಿ ನಿಂತವರೂ ಬೇರೆ ಬೇರೆ ಋತುಗಳಲ್ಲಿರಬಹುದೆಂಬುದಕ್ಕೆ ಅಲ್ಲೇ ಸಾಕ್ಷಿ ಸಿಕ್ಕಂತಾಯಿತು. ಮಾವನ ಮೊಣಕಾಲು ಸಾವಿರ ಮೆಟ್ಟಿಲಿಗೆ ಒಪ್ಪುವುದಿಲ್ಲವಾದ್ದರಿಂದ ನಾವು ರಸ್ತೆಯಲ್ಲೇ ಮೇಲೆ ಹೋದೆವು.

ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಬೆಟ್ಟದ ನೆತ್ತಿ ಅದಕ್ಕಿಂತ ಹೆಚ್ಚುಕಡಿಮೆ 300 ಮೀಟರ್ ಮೇಲೆ. ಎತ್ತರಕ್ಕೆ ಹೋದಂತೆ ಕಿಲೋಮೀಟರಿಗೆ ಆರೂವರೆ ಡಿಗ್ರಿಯಷ್ಟು ತಂಪು ಹೆಚ್ಚುತ್ತದೆಂದು ಶಾಲೆಯಲ್ಲಿ ಓದಿದ್ದ ಲೆಕ್ಕದಂತೆ ಮೇಲೆ 14 ಡಿಗ್ರಿ ಇರಬೇಕಿತ್ತು. ಇದ್ದದ್ದು 18. ಉಷ್ಣಮಾಪಕ ಕೆಟ್ಟಿದೆಯೆಂದೇ ನಾನು ಮೊದಲು ಭಾವಿಸಿದೆ. ನಂದಿಯವರೆಗೆ ಇಳಿದು ನೋಡಿದರೆ 17, ಮತ್ತೆ ಪಾದಕ್ಕೆ ಬಂದರೆ 16, ಕೆಟ್ಟಿರಲಿಲ್ಲ. ಮೋಡವಿಲ್ಲದ ಮಾಗಿಯ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಬಯಲು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಭಾರವಾದ ಗಾಳಿ ನೀರಿನಂತೆಯೇ ಇಳಿಜಾರು ಹುಡುಕಿಕೊಂಡು ತಗ್ಗಿಗೆ ಹರಿದು ನಿಲ್ಲುತ್ತದೆ. ಹೀಗಾಗಿ ಬೆಳಗಿನ ಜಾವದಲ್ಲಿ ತಗ್ಗಿಗೆ ಚಳಿ, ದಿಬ್ಬಕ್ಕೆ ಬೆಚ್ಚಗೆ. ಬಿಸಿಲೇರಿದ ಮೇಲೆ ಲೆಕ್ಕ ಮತ್ತೆ ಪಾಠದ ದಾರಿಗೆ ಬರುತ್ತದೆ. ಇದನ್ನು ಮಾವನಿಗೆ ವಿವರಿಸಿದರೆ, “ಅದಕ್ಕೇ ಅಲ್ವೇ ರಾಗಿ ಕಾಯೋ ಅಟ್ಟಣೆ ದಿಬ್ಬದ ಮ್ಯಾಲೆ ಕಟ್ಟೋದು” ಎಂದು ಬಿಟ್ಟರು. ಅಟ್ಟಣೆಯನ್ನು ದಿಬ್ಬದಲ್ಲಿ ಕಟ್ಟುವುದು ಹೊಲವೆಲ್ಲ ಕಾಣಲೆಂದು ಎಂಬುದು ನನ್ನ ತಿಳಿವಳಿಕೆ. ಆದರೆ ರಾತ್ರಿಯಿಡೀ ಅಟ್ಟಣೆಯಲ್ಲಿ ಮಲಗಿದವರು ಅವರು, ನಾನಲ್ಲ.

ಬೆಟ್ಟದ ಮೇಲಿನಿಂದ ನೋಡಿದಾಗ ನಗರದ ಮೇಲೆ ತೆಳುವಾದ ಹೊಗೆಯಂಥ ಪದರವೊಂದು ಮಟ್ಟಸವಾಗಿ ಹಾಸಿತ್ತು. ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಮುಚ್ಚಳದಂತೆ ಕುಳಿತಾಗ ಒಲೆಯ ಹೊಗೆ, ವಾಹನದ ಹೊಗೆ, ಧೂಳು ಯಾವುದೂ ಮೇಲೇರಲಾಗದೆ ಅಲ್ಲೇ ನಿಲ್ಲುತ್ತದೆ. ಹಿಂತಿರುಗುವಾಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೂ ಒಂದು ಸುತ್ತು ನಡೆದೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಈ ಕೆರೆಯ ಪಕ್ಕದಲ್ಲಿ ನಿಂತರೆ ಹತ್ತು ಹೆಜ್ಜೆ ಆಚೆಯ ರಸ್ತೆಗಿಂತ ಗಾಳಿ ತಂಪಾಗಿರುವುದು ಕೆನ್ನೆಗೆ ತಿಳಿಯುತ್ತದೆ. ಊರೊಳಗೆ ಗುಲಾಬಿ ಬಣ್ಣದ ಟಬೂಬಿಯ ಮರಗಳು ಎಲೆ ಕಳಚಿ ಹೂ ತುಂಬಿಕೊಂಡಿದ್ದವು. ಮೈಸೂರಿಗರ ಪಾಲಿಗೆ ಚಳಿ ಮುಗಿಯಿತೆಂದು ಸಾರುವುದು ಕ್ಯಾಲೆಂಡರ್ ಅಲ್ಲ, ಈ ಮರಗಳು.

ಮಾವ ಕಂಬಳಿ ಇಳಿಸಿದ್ದು ಏಳು ಗಂಟೆಗೆ. ಸಂಜೆ ಎಚ್.ಡಿ. ಕೋಟೆಯ ದಾರಿ ಹಿಡಿದೆವು.

ಎರಡನೆಯ ದಿನ: ಕಬಿನಿ ಹಿನ್ನೀರು

ರಾತ್ರಿ ಉಳಿದದ್ದು ಕಾಡಂಚಿನ ಹಳ್ಳಿಯೊಂದರಲ್ಲಿ, ದೂರದ ನೆಂಟರ ಮನೆಯಲ್ಲಿ. ಬೆಳಿಗ್ಗೆ ಆರಕ್ಕೆ ಹೊರಬಂದಾಗ ಉಷ್ಣಮಾಪಕದಲ್ಲಿ 13 ಡಿಗ್ರಿ ಇತ್ತು. ಬಾಯಿಂದ ಆವಿ ಬರುತ್ತಿತ್ತು. ಬೀದಿಯಲ್ಲಿ ನಾಲ್ಕಾರು ಮಂದಿ ಒಣ ಕಡ್ಡಿ, ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಮಾವ ಪರಿಚಯಕ್ಕೆ ಕಾಯದೆ ಆ ವರ್ತುಲದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರು, ಅವರೂ ಯಾರೆಂದು ಕೇಳದೆ ಸರಿದು ಜಾಗ ಕೊಟ್ಟರು.

ವಯನಾಡಿನ ಕಡೆಯಿಂದ ಹರಿದುಬರುವ ಕಬಿನಿಗೆ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟೆ 1974ರಲ್ಲಿ ಮುಗಿಯಿತು. ಮಳೆಗಾಲದಲ್ಲಿ ಕಾಡಿನೊಳಕ್ಕೆ ಚಾಚುವ ಅದರ ಹಿನ್ನೀರು ಫೆಬ್ರವರಿಯ ಹೊತ್ತಿಗೆ ಹಿಂದೆ ಸರಿಯಲು ತೊಡಗುತ್ತದೆ. ನೀರು ಬಿಟ್ಟುಕೊಟ್ಟ ನೆಲದ ಅಂಚಿನಲ್ಲಿ ಎಳೆ ಹುಲ್ಲು ಹಸಿರು ಪಟ್ಟಿಯಂತೆ ಎದ್ದಿತ್ತು. ಬೇಸಿಗೆ ಬಲಿತಂತೆ ಆನೆಗಳ ಹಿಂಡು ಇಲ್ಲಿ ನೆರೆಯುವುದು ಈ ಹುಲ್ಲಿಗೆ, ಈ ನೀರಿಗೆ. ನಾವು ನಿಂತಾಗ ಆನೆಯಿರಲಿ, ನೀರೇ ಕಾಣುತ್ತಿರಲಿಲ್ಲ. ಹಿನ್ನೀರಿನ ಮೇಲೆ ಹಾಲಿನ ಕೆನೆಯಂತೆ ಮಂಜು ಕೂತಿತ್ತು. ಎಂಟರ ಹೊತ್ತಿಗೆ ಅದು ಚೂರುಚೂರಾಗಿ ಎದ್ದು, ಮುಳುಗಿ ಸತ್ತ ಹಳೆಯ ಮರಗಳ ಬೊಡ್ಡೆಗಳು ಒಂದೊಂದಾಗಿ ಕಪ್ಪಗೆ ತೋರಿದವು.

ಕಾಡಿನ ಒಳಗೆ ಮಾತ್ರ ಚಳಿಗಾಲ ಆಗಲೇ ಸೋತಿತ್ತು. ತೇಗ ಬೋಳಾಗಿ ನಿಂತಿತ್ತು, ದೊಡ್ಡ ದೊಡ್ಡ ಎಲೆಗಳು ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತಿದ್ದವು, ಬೂರುಗದ ತುದಿಯಲ್ಲಿ ಕೆಂಪು ಹೂ ಉಳಿದಿತ್ತು, ಮುತ್ತುಗ ಇನ್ನೂ ಕಪ್ಪು ಮೊಗ್ಗಿನಲ್ಲಿದ್ದು ಅಲ್ಲೊಂದು ಇಲ್ಲೊಂದು ಬಿರಿಯತೊಡಗಿತ್ತು. ರಸ್ತೆಯ ಎರಡೂ ಬದಿಗೆ ಅರಣ್ಯ ಇಲಾಖೆಯವರು ಬೆಂಕಿರೇಖೆ ಸುಟ್ಟ ಕಪ್ಪು ಪಟ್ಟಿ ಇತ್ತು. ಮುಂದೆ ಬರಲಿರುವ ಒಣ ದಿನಗಳಲ್ಲಿ ಕಾಡ್ಗಿಚ್ಚು ದಾಟದಿರಲೆಂದು ಈ ಕೆಲಸವನ್ನು ಇಬ್ಬನಿ ಬೀಳುತ್ತಿರುವಾಗಲೇ ಮಾಡಿ ಮುಗಿಸುತ್ತಾರೆ. ಇಬ್ಬನಿ ನಿಂತ ಮೇಲೆ ಸುಡಲು ಹೋದರೆ ರೇಖೆಯೇ ಕಿಚ್ಚಾದೀತು. ಕಾಡಿನ ಈ ಒಂದು ತಿಂಗಳ ಎಚ್ಚರವೆಲ್ಲ ಇಬ್ಬನಿಯ ಮೇಲೆ ನಿಂತಿದೆಯೆಂದು ನನಗೆ ಹೊಳೆದದ್ದು ಆ ಬೂದಿಯ ಪಕ್ಕದಲ್ಲಿ ನಿಂತಾಗಲೇ.

ಕಂಬಳಿ ಇಳಿದದ್ದು ಎಂಟೂಮುಕ್ಕಾಲಿಗೆ. ಮಧ್ಯಾಹ್ನದ ಬಿಸಿಲಲ್ಲಿ ಹುಣಸೂರು ದಾಟಿದೆವು. ಅಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು ತಣ್ಣಗಿದ್ದವು, ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ರಾತ್ರಿ ಕೆ.ಆರ್. ನಗರ ಸೇರಿ ಮಲಗಿದೆವು.

ಮೂರನೆಯ ದಿನ: ಕನ್ನಂಬಾಡಿಯ ನೀರು

ಕೃಷ್ಣರಾಜಸಾಗರದ ಹಿನ್ನೀರಿನ ದಡಕ್ಕೆ ನಸುಕಿನಲ್ಲೇ ಬಂದೆವು. ದಡದಲ್ಲಿ 15 ಡಿಗ್ರಿ. ಮಾವ ಕೈಯದ್ದಿ, “ನೀರು ಬೆಚ್ಚಗದೆ” ಎಂದರು. ನಾನೂ ಅದ್ದಿ ನೋಡಿದೆ, ನಿಜವಾಗಿಯೂ ಗಾಳಿಗಿಂತ ನೀರು ಬೆಚ್ಚಗಿತ್ತು. ನೀರು ಹಗಲಿನ ಕಾವನ್ನು ನೆಲದಷ್ಟು ಬೇಗ ಬಿಡುವುದಿಲ್ಲ. ಬೆಚ್ಚನೆಯ ನೀರಿನಿಂದ ಎದ್ದ ತೇವ ತಣ್ಣನೆಯ ಗಾಳಿಗೆ ತಾಗಿದೊಡನೆ ಹಬೆಯಾಗಿ ತೋರುತ್ತದೆ. ಇಡೀ ಜಲಾಶಯ ಸ್ನಾನದ ಹಂಡೆಯಂತೆ ಹಬೆಯಾಡುತ್ತಿತ್ತು. ಹಬೆಯೊಳಗಿನಿಂದ ತೆಪ್ಪವೊಂದು ಬಂದು, ಮೀನಿನ ಬಲೆ ಇಳಿಸಿ, ಮತ್ತೆ ಹಬೆಯೊಳಕ್ಕೇ ಹೋಯಿತು. ಹುಟ್ಟಿನ ಸಪ್ಪಳ ಬಹಳ ಹೊತ್ತು ಕೇಳಿಸುತ್ತಿತ್ತು. ಚಳಿಯ ಬೆಳಗಿನಲ್ಲಿ ಶಬ್ದ ದೂರ ಹೋಗುತ್ತದೆ.

1911ರಲ್ಲಿ ಕೆಲಸ ಆರಂಭವಾಗಿ ಎರಡು ದಶಕ ಕಟ್ಟಿದ ಈ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಹಿಡಿಯುವ ನೀರು 49.45 ಟಿಎಂಸಿ. ಮಂಡ್ಯದ ಕಡೆಯವರಿಗೆ ಈ ಮೊದಲ ಅಂಕಿ ತಮ್ಮ ಮನೆಯ ಬಾಗಿಲ ಸಂಖ್ಯೆಗಿಂತ ಚೆನ್ನಾಗಿ ನೆನಪಿರುತ್ತದೆ. ಫೆಬ್ರವರಿಯಲ್ಲಿ ಅಣೆಕಟ್ಟೆಯ ಮಟ್ಟ ಎಷ್ಟಿದೆ ಎಂಬುದರ ಮೇಲೆ ಬೇಸಿಗೆ ಬೆಳೆಗೆ ನಾಲೆಯಲ್ಲಿ ಎಷ್ಟು ಕಟ್ಟು, ಅಂದರೆ ಎಷ್ಟು ಸರದಿ, ನೀರು ಬಿಡುತ್ತಾರೆಂಬುದು ನಿಂತಿದೆ. ಬಯಲಿನ ಚಳಿಯೂ ಅದರ ಮೇಲೆಯೇ ನಿಂತಿದೆಯೆಂಬ ಮಾವನ ಮಾತನ್ನು ನಾನು ಆಗ ಪೂರ್ತಿ ನಂಬಿರಲಿಲ್ಲ.

ದಡದಲ್ಲಿ ಕಂಬಳಿ ಎಂಟೂಕಾಲಿಗೆ ಇಳಿಯಿತು. ಸಂಜೆಯ ಹೊತ್ತಿಗೆ ಮಾವನ ಊರು ಸೇರಿದೆವು. ಅತ್ತೆ ಆ ವರ್ಷದ ಕೊನೆಯ ಅವರೆಕಾಯಿಯೆಂದು ಹೇಳಿ ಹಿತುಕಿದ ಬೇಳೆಯ ಸಾರು, ಮುದ್ದೆ ಬಡಿಸಿದರು. ಸೊಗಡು ಮೊದಲಿನಷ್ಟಿಲ್ಲ, ಇಬ್ಬನಿ ಕಡಿಮೆಯಾಯಿತು ಎಂದು ಅವರೇ ಕೊರತೆ ಹೇಳಿಕೊಂಡರು. ನನಗೆ ಎರಡನೆಯ ಮುದ್ದೆಗೆ ಅಡ್ಡಿಯೇನೂ ಆಗಲಿಲ್ಲ.

ನಾಲ್ಕನೆಯ ದಿನ: ನಾಲೆಯ ಬಯಲು

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಎದುರು ಮನೆ ಇರಲಿಲ್ಲ. ಕಾವಳ ಅಷ್ಟು ದಟ್ಟವಾಗಿತ್ತು. ಆದರೆ ಉಷ್ಣಮಾಪಕ ತೋರಿಸಿದ್ದು 16 ಡಿಗ್ರಿ, ಮೈಸೂರಿನ ಬೆಟ್ಟದ ಪಾದದಲ್ಲಿದ್ದಷ್ಟೇ, ಕಬಿನಿಯ ಅಂಚಿಗಿಂತ ಮೂರು ಡಿಗ್ರಿ ಹೆಚ್ಚು. ಗೆದ್ದೆನೆಂಬ ಉತ್ಸಾಹದಲ್ಲಿ ಅದನ್ನು ಮಾವನ ಮುಖದ ಮುಂದೆ ಹಿಡಿದೆ. ಅವರು ಅದರ ಕಡೆ ನೋಡದೆ ನನ್ನ ಕೈ ಹಿಡಿದು ಗದ್ದೆಯ ಬದುವಿನ ಮೇಲೆ ನಡೆಸಿದರು. ಹತ್ತು ನಿಮಿಷದಲ್ಲಿ ನನ್ನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಹುಬ್ಬಿನ ಮೇಲೆ ಹನಿ, ಸ್ವೆಟರಿನ ಮೇಲೆ ಬಿಳಿಯ ನೂಲಿನಂಥ ತೇವ. 16 ಡಿಗ್ರಿಯಲ್ಲಿ ನಾನು ನಡುಗುತ್ತಿದ್ದೆ. “ಒಣಚಳಿ ಬ್ಯಾರೆ, ಹಸಿಚಳಿ ಬ್ಯಾರೆ. ನಿನ್ನ ಕಡ್ಡಿಗೆ ಇದು ಗೊತ್ತಾಗಕ್ಕಿಲ್ಲ” ಎಂದರು.

ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿಯಿಂದ ಹೊರಟು ಹುಲಿಕೆರೆಯ ಸುರಂಗ ದಾಟಿ ಈ ಸೀಮೆಯನ್ನು ನೀರಾವರಿಗೆ ತಂದಿತು. ನಾಲೆ ಬರುವ ಮುಂಚೆ ಇಲ್ಲೆಲ್ಲ ಮಾಗಿಯೆಂದರೆ ರಾಗಿ ಒಕ್ಕಿ ಬಯಲಾದ ಹೊಲ, ಒಣ ಮೂಡಲ ಗಾಳಿ, ಒಡೆದ ಹಿಮ್ಮಡಿ ಎಂದು ಮಾವನ ತಾಯಿ, ಅಂದರೆ ನನ್ನ ಅಜ್ಜಿ, ಹೇಳುತ್ತಿದ್ದುದು ನನಗೂ ನೆನಪಿದೆ. ಈಗ ಫೆಬ್ರವರಿಯಲ್ಲೂ ಗದ್ದೆಯಲ್ಲಿ ನೀರು ನಿಂತಿರುತ್ತದೆ, ಕಬ್ಬು ಆಳೆತ್ತರ ನಿಂತು ಗಾಳಿಯನ್ನು ತಡೆಯುತ್ತದೆ. ನಿಂತ ನೀರು ರಾತ್ರಿಯ ಚಳಿಯನ್ನು ತೀರ ಕೆಳಗಿಳಿಯಲು ಬಿಡುವುದಿಲ್ಲ, ಆದರೆ ಅದರಿಂದ ಎದ್ದ ತೇವ ಜಾವದಲ್ಲಿ ಕಾವಳವಾಗಿ ಬಯಲನ್ನು ಮುಚ್ಚಿ, ಬಿಸಿಲು ನೆಲಕ್ಕೆ ತಾಗುವುದನ್ನು ಎರಡು ತಾಸು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಇಲ್ಲಿ ಚಳಿ ಹೆಚ್ಚು ಇಳಿಯುವುದೂ ಇಲ್ಲ, ಬೇಗ ಹೋಗುವುದೂ ಇಲ್ಲ. ಆರು ದಿನದಲ್ಲಿ ನಾನು ಕಲಿತದ್ದೇನಾದರೂ ಇದ್ದರೆ ಇದೇ, ಅದನ್ನೂ ಒದ್ದೆ ಪ್ಯಾಂಟಿನಲ್ಲಿ ನಿಂತು ಕಲಿತೆ.

ಬೇಸಿಗೆ ಭತ್ತಕ್ಕೆ ಹಾಕಿದ್ದ ಒಟ್ಲು, ಅಂದರೆ ಸಸಿಮಡಿ, ಕೆಲವು ಕಡೆ ಹಳದಿಗೆ ತಿರುಗಿತ್ತು. ಚಳಿಗೆ ಪೈರು ಮೇಲೇಳದೆ ಹಾಗಾಗುತ್ತದೆ, ಗೊಬ್ಬರ ಸುರಿದರೆ ಪ್ರಯೋಜನವಿಲ್ಲ, ನಾಲ್ಕು ದಿನ ಬಿಸಿಲು ಕಾದರೆ ತಾನೇ ಹಸಿರಾಗುತ್ತದೆ ಎಂದು ಪಕ್ಕದ ಗದ್ದೆಯವರು ಹೇಳಿದರು. ನೀರುಗಂಟಿ ತೂಬಿನ ಬಳಿ ನಿಂತು, ಈ ಕಟ್ಟು ಇನ್ನೆರಡು ದಿನದಲ್ಲಿ ಮುಗಿಯುತ್ತದೆ, ಬೇಗ ಕಟ್ಟಿಕೊಳ್ಳಿ ಎಂದು ಎಲ್ಲರಿಗೂ ಎಚ್ಚರಿಸುತ್ತಿದ್ದ.

ಅಲ್ಲಿಂದ ಆಲೆಮನೆಗೆ ಹೋದೆವು. ಚಳಿಯಲ್ಲಿ ನಿಂತವನಿಗೆ ಆಲೆಮನೆಯ ಒಲೆಗಿಂತ ದೊಡ್ಡ ದೇವರಿಲ್ಲ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು, ನೊರೆ ಉಕ್ಕಿ, ಕೊಳೆ ತೆಗೆಸಿಕೊಂಡು ಪಾಕಕ್ಕೆ ಬರುವವರೆಗೂ ಒಲೆಗೆ ಒಣಗಿದ ಸಿಪ್ಪೆ ತಳ್ಳುತ್ತಲೇ ಇರಬೇಕು. ಮಾಗಿಯ ಬೆಲ್ಲಕ್ಕೆ ಬಣ್ಣ ಚೆನ್ನ ಎಂಬುದು ಇಲ್ಲಿನವರ ಮಾತು. ಅದರ ಹಿಂದೆ ಕಾರಣವೂ ಇದೆ: ರಾತ್ರಿ ತಂಪಾಗಿ, ಮಳೆ ನಿಂತು, ಹಗಲು ಬಿಸಿಲಿದ್ದಾಗ ಕಬ್ಬು ಬೆಳೆಯುವುದನ್ನು ಕಡಿಮೆ ಮಾಡಿ ಸಿಹಿಯನ್ನು ಕಾಂಡದಲ್ಲಿ ಕೂಡಿಡುತ್ತದೆ. ಆಲೆಮನೆಯವರು ಮಾತ್ರ ಕಾವಳದ ದಿನ ಸಿಪ್ಪೆ ಒಣಗುವುದಿಲ್ಲವೆಂದು ಗೊಣಗುತ್ತಿದ್ದರು. ಕಬ್ಬಿಗೆ ಸಿಹಿ ತರುವ ಚಳಿಯೇ ಒಲೆಗೆ ಹಸಿ ಸಿಪ್ಪೆಯನ್ನೂ ಕೊಡುತ್ತದೆ. ಅಚ್ಚಿಗೆ ಸುರಿಯುವ ಮುನ್ನ ಎಲೆಯ ಮೇಲೆ ಹಾಕಿಕೊಟ್ಟ ಬಿಸಿ ಪಾಕವನ್ನು ತಿಂದು, ನಾಲಿಗೆ ಸುಟ್ಟುಕೊಂಡೆ.

ಕಂಬಳಿ ಇಳಿದದ್ದು ಒಂಬತ್ತೂವರೆಗೆ, ಅದೂ ಆಲೆಮನೆಯ ಒಲೆಯ ಮುಂದೆ. ಒಲೆ ಇಲ್ಲದಿದ್ದರೆ ಹತ್ತಾಗುತ್ತಿತ್ತೇನೋ.

ಐದನೆಯ ದಿನ: ಮೇಲುಕೋಟೆ, ನಾಗಮಂಗಲ

ಹಿಂದಿನ ಸಂಜೆಯೇ ಮೇಲುಕೋಟೆಗೆ ಹತ್ತಿದ್ದೆವು. ಬೆಳಿಗ್ಗೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತಾಗ 17 ಡಿಗ್ರಿ, ಆಕಾಶ ತೊಳೆದಂತೆ ಸ್ವಚ್ಛ. ಯೋಗಾನರಸಿಂಹನ ಬೆಟ್ಟದ ಕಡೆಯಿಂದ ನೋಡಿದರೆ ಕೆಳಗಿನ ಬಯಲು ಬಿಳಿಯ ಕೆರೆಯಂತೆ ಕಾವಳದಲ್ಲಿ ಮುಳುಗಿತ್ತು, ನಿನ್ನೆ ನಾವು ನಡುಗಿದ್ದು ಆ ಕೆರೆಯ ತಳದಲ್ಲಿ. ಮಾವ ಬಹಳ ಹೊತ್ತು ತಮ್ಮ ಊರಿನ ದಿಕ್ಕಿಗೆ ನೋಡಿ, “ಅಗೋ, ಇನ್ನೂ ಎದ್ದಿಲ್ಲ” ಎಂದರು. ಮೇಲೆ ಗಾಳಿ ಇದ್ದುದರಿಂದ ಕಂಬಳಿ ಏಳೂವರೆಯವರೆಗೂ ಇತ್ತು. ಮುಂದಿನ ತಿಂಗಳ ವೈರಮುಡಿ ಉತ್ಸವಕ್ಕೆ ಊರು ತುಂಬುತ್ತದೆ; ಅಂದು ಮಾತ್ರ ಕಲ್ಯಾಣಿಯ ಸುತ್ತ ಇದ್ದವರು ನಾವು, ಎರಡು ಮಂಗಗಳು ಮತ್ತು ಬಟ್ಟೆ ಒಗೆಯುವ ಒಬ್ಬಾಕೆ. ಪುಳಿಯೋಗರೆ ಕಟ್ಟಿಸಿಕೊಂಡು ಇಳಿದೆವು.

ನಾಗಮಂಗಲದ ದಾರಿಯಲ್ಲಿ ನೀರಾವರಿ ಹಿಂದೆ ಬಿದ್ದಿತು. ರಾಗಿಯ ಮೆದೆಗಳು, ಹುರುಳಿ ಕಿತ್ತ ಕೆಂಪು ಹೊಲ, ತೆಂಗಿನ ತೋಟ, ದಾರಿಯುದ್ದ ಹುಣಸೆಮರಗಳು. ಹುಣಸೆಹಣ್ಣು ಬಡಿಯುವ ಕೆಲಸ ಭರದಿಂದ ಸಾಗಿತ್ತು; ಗಂಡಸರು ಕೊಂಬೆ ಹತ್ತಿ ಬಡಿಯುತ್ತಿದ್ದರು, ಹೆಂಗಸರು ಕೆಳಗೆ ಆಯುತ್ತಿದ್ದರು, ಗಾಳಿಯಲ್ಲೇ ಹುಳಿ ಇತ್ತು. ಮಾವಿನ ಮರಗಳಲ್ಲಿ ಹೂ ಬಿಟ್ಟಿತ್ತು. ಹೂವಿನ ಮೇಲೆ ಮಂಜು ಕೂತರೆ ಬೂದಿರೋಗ, ಜಿಗಿಹುಳು ಎರಡೂ ಬರುತ್ತವೆಂದು ನೀರಾವರಿಯ ಕಡೆಯವರಿಗೆ ಚಿಂತೆ. ಇಲ್ಲಿ ಮಂಜಿನ ಸುಳಿವೇ ಇರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಸೌಮ್ಯಕೇಶವ ದೇವಾಲಯದ ಅಂಗಳದ ನೆರಳಲ್ಲಿ 33 ಡಿಗ್ರಿ. ಚಪ್ಪಲಿ ಬಿಟ್ಟು ಕಲ್ಲುಹಾಸಿನ ಮೇಲೆ ಓಡಬೇಕಾಯಿತು.

ಆರನೆಯ ದಿನ: ಕೊಕ್ಕರೆ ಬೆಳ್ಳೂರಿನಿಂದ ಸಂಗಮಕ್ಕೆ

ಅದೇ ನಾಗಮಂಗಲದಲ್ಲಿ ಬೆಳಿಗ್ಗೆ ಆರಕ್ಕೆ 14 ಡಿಗ್ರಿ ಇತ್ತು. ಹಿಂದಿನ ಮಧ್ಯಾಹ್ನಕ್ಕೂ ಈ ಜಾವಕ್ಕೂ 19 ಡಿಗ್ರಿಯ ಅಂತರ. ಒಣ ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನಡುವೆ ತಡೆಯಲು ನೀರಿಲ್ಲ, ಮೋಡವಿಲ್ಲ. ಮಾವನ ಊರಿಗಿಂತ ಎರಡು ಡಿಗ್ರಿ ಕಡಿಮೆಯಿದ್ದರೂ ಕಂಬಳಿ ಏಳೂಕಾಲಿಗೇ ಇಳಿಯಿತು. ಸೂರ್ಯ ಹುಟ್ಟಿ ಅರ್ಧ ಗಂಟೆಯಲ್ಲಿ ಚಳಿ ಮಾಯವಾಗಿತ್ತು. ನನ್ನ ಪುಸ್ತಕದಲ್ಲಿ ಡಿಗ್ರಿಗಳ ಸಾಲು ಒಂದು ಕಡೆಗೂ ಕಂಬಳಿಯ ಸಾಲು ಇನ್ನೊಂದು ಕಡೆಗೂ ಹೋಗುತ್ತಿದ್ದವು. ಆಗ ಮಾವನಿಗೆ ಗುಟ್ಟು ಬಿಟ್ಟುಕೊಟ್ಟೆ. ಅವರು ನಕ್ಕು, “ಹಂಗಾರೆ ನಾನೇ ನಿನ್ನ ಕಡ್ಡಿ ಅನ್ನು” ಎಂದರು.

ಮದ್ದೂರು ದಾಟಿ ಕೊಕ್ಕರೆ ಬೆಳ್ಳೂರಿಗೆ ಬಂದಾಗ ಹನ್ನೊಂದಾಗಿತ್ತು. ಊರೊಳಗಿನ ಹುಣಸೆ, ಅತ್ತಿ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. ಡಿಸೆಂಬರಿನ ಸುಮಾರಿಗೆ ಬಂದು, ಮರಿಗಳನ್ನು ಬೆಳೆಸಿ, ಮಳೆಗಾಲದ ಮುನ್ನ ಹೋಗುವ ಈ ಹಕ್ಕಿಗಳನ್ನು ಊರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಬಿಸಿಲು ನೆತ್ತಿಗೇರುತ್ತಿದ್ದಂತೆ ಕೊಕ್ಕರೆಯೊಂದು ಸೂರ್ಯನಿಗೆ ಬೆನ್ನು ಮಾಡಿ, ಎರಡೂ ರೆಕ್ಕೆ ಬಿಚ್ಚಿ ಮರಿಗಳ ಮೇಲೆ ನೆರಳು ಹಿಡಿದು ನಿಂತಿತು. ಕಾಲು ಗಂಟೆಯಾದರೂ ಕದಲಲಿಲ್ಲ. ಕಂಬಳಿ ಮಡಿಚಿ ತಲೆಯ ಮೇಲಿಟ್ಟುಕೊಂಡು ಮಾವನೂ ಕೆಳಗೆ ಹಾಗೆಯೇ ನಿಂತಿದ್ದರು.

ಮಳವಳ್ಳಿಯ ಕಡೆ ರೇಷ್ಮೆ ಸಾಕುವ ಮನೆಯೊಂದಕ್ಕೆ ಹೋದೆವು. ನಾಲ್ಕನೆಯ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದು ಮಳೆ ಬಂದಂತೆ ಕೇಳಿಸುತ್ತಿತ್ತು. ತಿಂಗಳ ಹಿಂದೆ ರಾತ್ರಿಯೆಲ್ಲ ಇದ್ದಿಲ ಒಲೆಯಿಟ್ಟು ಮನೆಯನ್ನು ಬೆಚ್ಚಗಿಡಬೇಕಿತ್ತು, ಈಗ ಮಧ್ಯಾಹ್ನ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಬೇಕಾಗಿದೆ ಎಂದು ಮನೆಯಾಕೆ ಹೇಳಿದರು. ಒಲೆಯೂ ಗೋಣಿಯೂ ಅದೇ ಮೂಲೆಯಲ್ಲಿ ಅಕ್ಕಪಕ್ಕ ಇದ್ದವು. ಒಲೆಯನ್ನು ಅಟ್ಟಕ್ಕೆ ಹಾಕಲು ಅವರಿಗೆ ಇನ್ನೂ ಧೈರ್ಯವಿರಲಿಲ್ಲ.

ತಿರುಮಕೂಡಲು ನರಸೀಪುರಕ್ಕೆ ಬಂದಾಗ ಇಳಿಹೊತ್ತು. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಮಾಘದಲ್ಲಿ ಕುಂಭಮೇಳ ನಡೆಯುತ್ತದೆ. ಅಂದು ಸಂಗಮದಲ್ಲಿ ಮಿಂದವರು ಹತ್ತಿಪ್ಪತ್ತು ಮಂದಿ ಮಾತ್ರ. ಕನ್ನಂಬಾಡಿ ದಾಟಿ ಬಂದ ಕಾವೇರಿ, ಬೀಚನಹಳ್ಳಿ ದಾಟಿ ಬಂದ ಕಬಿನಿ ಎರಡೂ ಇಲ್ಲಿ ಕೂಡುತ್ತವೆ. ಎರಡರ ಹಬೆಯನ್ನೂ ಈ ವಾರ ಕಂಡಿದ್ದ ನಾವು ಕಾಲು ಇಳಿಬಿಟ್ಟು ಕುಳಿತೆವು. ಮಾಘಸ್ನಾನಕ್ಕೆ ನಸುಕಿನಲ್ಲೇ ಬರಬೇಕಿತ್ತೆಂದು ಮಾವ ಪೇಚಾಡಿದರು.

ರಾತ್ರಿ ಮೈಸೂರು ಸೇರಿದೆವು. ಮರುದಿನ ಕನ್ನಡಕ ಹಾಕಿಕೊಂಡು, ಅದರಲ್ಲಿ ಕಂಡ ಹೊಸ ಲೋಕದ ಸಂಭ್ರಮದಲ್ಲಿ, ಮಾವ ಕಂಬಳಿಯನ್ನು ಕಾರಿನಲ್ಲೇ ಬಿಟ್ಟು ಬಸ್ಸು ಹತ್ತಿದರು. ಸಂಜೆ ಫೋನ್ ಮಾಡಿ, ತಂದುಕೊಡಲೇ ಎಂದು ಕೇಳಿದೆ.

“ಬ್ಯಾಡ, ನಿನ್ನೇನೇ ಕಟ್ಟು ಮುಗೀತು. ನಾಲೆ ನಿಲ್ಸವ್ರೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಮುಂದಿನ ಕಟ್ಟು ಬಿಡೋ ಹೊತ್ಗೆ ಒಂದು ಮಾತು ಕೇಳು” ಎಂದೂ ಸೇರಿಸಿದರು.